ಭಾಗವತರ ಕಂಠವೂ ಅದರ ಕೆಳಗಿನ ಗಾಳಿಯೂ

ಹೊನ್ನಾವರ, ಕುಮಟಾ ಸೀಮೆಯಲ್ಲಿ ಯಕ್ಷಗಾನದ ಆಟ ಮುಗಿದ ಮರುದಿನ ಚಹಾದಂಗಡಿಯ ಮುಂದೆ ನಡೆಯುವ ವಿಮರ್ಶೆಯಲ್ಲಿ ಮೊದಲ ಮಾತು, ಪದ ಹಾಡಿ ಆಟ ನಡೆಸುವ ಭಾಗವತರ ಕಂಠದ್ದೇ ಆಗಿರುತ್ತದೆ. ಕಂಠ ಕೂತಿತ್ತು, ಬೆಳಗಿನ ಜಾವಕ್ಕೆ ಬಿಚ್ಚಿಕೊಂಡಿತು ಎಂದೆಲ್ಲ ಹೇಳುವ ನಮ್ಮ ಪ್ರೇಕ್ಷಕರ ಕಿವಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರದ ಪಾಠ ಮಾಡುತ್ತ, ವೇಷ, ಕುಣಿತಗಳಿಲ್ಲದ ಮಳೆಗಾಲದ ತಾಳಮದ್ದಳೆಗಳಲ್ಲಿ ಅರ್ಥ (ಪಾತ್ರದ ಮಾತು) ಹೇಳಲು ಕೂರುವ ನನಗೆ, ಆ ಹೊಗಳಿಕೆಯ ದೊಡ್ಡ ಪಾಲು ಗಂಟಲಿಗಿಂತ ಕೆಳಗಿರುವ ಅಂಗಗಳಿಗೆ ಸಲ್ಲಬೇಕೆನ್ನಿಸುತ್ತದೆ.

ಶ್ವಾಸಕೋಶಕ್ಕೆ ತನ್ನನ್ನು ತಾನೇ ಹಿಗ್ಗಿಸಿಕೊಳ್ಳುವ ಸ್ನಾಯುಗಳಿಲ್ಲ. ಎದೆಗೂಡಿನ ತಳದಲ್ಲಿ ಗುಮ್ಮಟದಂತೆ ಉಬ್ಬಿರುವ ವಪೆ ಎಂಬ ಸ್ನಾಯು ಸಂಕೋಚಿಸಿ ಕೆಳಗಿಳಿದಾಗ, ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಎಲುಬುಗಳನ್ನು ಮೇಲಕ್ಕೂ ಹೊರಕ್ಕೂ ಎತ್ತಿದಾಗ, ಎದೆಯೊಳಗಿನ ಒತ್ತಡ ಕುಗ್ಗಿ ಗಾಳಿ ತಾನಾಗಿ ಒಳಗೆ ಬರುತ್ತದೆ. ಸುಮ್ಮನೆ ಕುಳಿತಾಗ ವಯಸ್ಕರೊಬ್ಬರು ಒಂದು ಉಸಿರಿಗೆ ಎಳೆದುಕೊಳ್ಳುವುದು ಸುಮಾರು ಅರ್ಧ ಲೀಟರು. ಆಗ ಒಳ ಉಸಿರಿಗೂ ಹೊರ ಉಸಿರಿಗೂ ಹಿಡಿಯುವ ಕಾಲದಲ್ಲಿ ಅಂಥ ದೊಡ್ಡ ಅಂತರವಿರುವುದಿಲ್ಲ. ಮಾತಿಗೆ ತೊಡಗಿದ ಕೂಡಲೇ ಈ ಲೆಕ್ಕ ಬದಲಾಗುತ್ತದೆ: ಉಸಿರಿನ ಕಾಲದ ಹತ್ತರಲ್ಲಿ ಒಂದು ಪಾಲು ಮಾತ್ರ ಗಾಳಿ ಎಳೆಯುವುದಕ್ಕೆ, ಉಳಿದ ಒಂಬತ್ತು ಪಾಲು ಅದನ್ನು ಸ್ವಲ್ಪಸ್ವಲ್ಪವಾಗಿ ಬಿಡುವುದಕ್ಕೆ. ಭಾಗವತರು ಪದದ ಎರಡು ಸಾಲುಗಳ ನಡುವೆ, ತಾಳ ತಪ್ಪದಂತೆ, ಕೇಳುವವರಿಗೆ ಗೊತ್ತೇ ಆಗದ ಹಾಗೆ ಗಾಳಿ ಎಳೆದುಕೊಳ್ಳುವುದು ಇದೇ ಕ್ರಮದ ತುದಿ.

ಇದನ್ನು ತೋರಿಸಲು ನಾನು ಕೆಲವೊಮ್ಮೆ ಮಾಂಸದಂಗಡಿಯಿಂದ ಆಡಿನ ಶ್ವಾಸಕೋಶವನ್ನು ಶ್ವಾಸನಾಳದ ಸಮೇತ ಪ್ರಯೋಗಾಲಯಕ್ಕೆ ತರಿಸುತ್ತೇನೆ. ನಾಳದ ಮುಂಭಾಗವನ್ನು ಬೆರಳಿನಿಂದ ಒತ್ತಿದರೆ ಮೃದ್ವಸ್ಥಿಯ ಉಂಗುರಗಳು ಒಂದರ ಕೆಳಗೊಂದು ಗಟ್ಟಿಯಾಗಿ ಸಿಗುತ್ತವೆ. ಹಿಂಭಾಗದಲ್ಲಿ ಉಂಗುರ ಕೂಡಿಕೊಳ್ಳದೆ ಬೆರಳು ಮೆತ್ತಗೆ ಒಳಗಿಳಿಯುತ್ತದೆ. ಅನ್ನನಾಳ ಆ ಕಡೆಗೆ ಒರಗಿರುತ್ತದೆ. ಮನುಷ್ಯನಲ್ಲೂ ರಚನೆ ಹೀಗೆಯೇ, ಉಂಗುರಗಳು 16ರಿಂದ 20. ನಳಿಗೆ ಸಿಕ್ಕಿಸಿ ಪಂಪಿನಿಂದ ಗಾಳಿ ತುಂಬಿದರೆ ಮುದುಡಿ ಬಿದ್ದಿದ್ದ ಕೆಂಗಂದು ಮುದ್ದೆ ತಿಳಿಗುಲಾಬಿ ಬಣ್ಣಕ್ಕೆ ತಿರುಗಿ ಮೇಜಿನ ಮೇಲೆ ಅರಳಿಕೊಳ್ಳುತ್ತದೆ. ಕೈ ಬಿಟ್ಟರೆ ಯಾರೂ ಒತ್ತದೆ ತಾನೇ ಕುಗ್ಗುತ್ತದೆ. (ಮಾಂಸ ಮುಟ್ಟದ ಮನೆಯ ಮಕ್ಕಳು ಮೊದಲು ಮೂಗು ಮುಚ್ಚಿಕೊಂಡು ಬಾಗಿಲ ಬಳಿ ನಿಲ್ಲುತ್ತಾರೆ. ಪಂಪು ಒತ್ತುವ ಹೊತ್ತಿಗೆ ಎಲ್ಲರಿಗಿಂತ ಮುಂದೆ ಅವರೇ ಇರುತ್ತಾರೆ.)

ಹೀಗೆ ತಾನಾಗಿ ಕುಗ್ಗುವ ಗುಣವೇ ಹಾಡುವವನಿಗೆ ವರವೂ ಹೌದು, ತೊಡಕೂ ಹೌದು. ಸಾಧಾರಣ ಮಾತಿಗೆ ಧ್ವನಿತಂತುಗಳ ಕೆಳಗೆ ಬೇಕಾದ ಒತ್ತಡ ನೀರಿನ ಮಟ್ಟದ ಅಳತೆಯಲ್ಲಿ 5ರಿಂದ 10 ಸೆಂಟಿಮೀಟರು. ಎದೆ ಪೂರ್ತಿ ತುಂಬಿಕೊಂಡಾಗ ಅದರ ಹಿಂಜಗ್ಗುವ ಬಲವೊಂದೇ 20 ಸೆಂಟಿಮೀಟರನ್ನು ಮೀರುತ್ತದೆ. ಆದ್ದರಿಂದ ಆರಂಭದಲ್ಲಿ ಮಾಡಬೇಕಾದ ಕೆಲಸ ಗಾಳಿಯನ್ನು ನೂಕುವುದಲ್ಲ, ತಡೆಹಿಡಿಯುವುದು. ಉಸಿರು ಎಳೆಯಲು ನೆರವಾದ ಪಕ್ಕೆಲುಬಿನ ಹೊರಸ್ನಾಯುಗಳೇ ಬಿಗಿ ಸಡಿಲಿಸದೆ ಎದೆಗೂಡನ್ನು ಮೆಲ್ಲಗೆ ಇಳಿಸುತ್ತವೆ. ಗಾಳಿ ಕಡಿಮೆಯಾಗುತ್ತ ಬಂದಂತೆ ಒಳಸ್ನಾಯುಗಳೂ ಆಮೇಲೆ ಹೊಟ್ಟೆಯ ಸ್ನಾಯುಗಳೂ ನೂಕುವ ಕೆಲಸಕ್ಕೆ ಸೇರುತ್ತವೆ. ಹಾರ್ಮೋನಿಯಮ್ಮಿನ ಒಳತಿದಿಗೆ ಒತ್ತಡವನ್ನು ಒಂದೇ ಸಮನೆ ಕಾಯ್ದುಕೊಳ್ಳುವ ಸ್ಪ್ರಿಂಗುಗಳಿರುತ್ತವೆ. ಆ ಅನುಕೂಲ ನಮ್ಮ ದೇಹಕ್ಕಿಲ್ಲದ ಕಾರಣ ಕ್ಷಣಕ್ಷಣವೂ ಸ್ನಾಯುಗಳೇ ಅದನ್ನು ಹೊಂದಿಸಬೇಕು. ಹೊಸದಾಗಿ ಕಲಿಯುವವರು ಭುಜವೆತ್ತಿ ಎದೆ ಬಿರಿಯುವಷ್ಟು ಗಾಳಿ ತುಂಬಿಕೊಂಡು ಮೊದಲ ಶಬ್ದಕ್ಕೇ ಅರ್ಧ ಖರ್ಚು ಮಾಡುವುದನ್ನು ನೋಡುವಾಗ, ಗುರುಗಳು ಉಸಿರು ಎಳೆಯುವುದಕ್ಕಿಂತ ಬಿಡುವುದನ್ನು ಹೆಚ್ಚು ಕಲಿಸಬೇಕೆಂದು ನನಗೆ ತೋರುತ್ತದೆ.

ಹದಿಮೂರನೆಯ ಶತಮಾನದ ನಮ್ಮ ವೈಯಾಕರಣ ಕೇಶಿರಾಜ, ಅನುಕೂಲವಾದ ಗಾಳಿಯಿಂದ ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಶಬ್ದ ಹುಟ್ಟುತ್ತದೆ ಎಂದು ಹೇಳಿದ್ದಾನೆ. ನಾಭಿಯಲ್ಲಿ ಧ್ವನಿ ಹುಟ್ಟುವುದಿಲ್ಲವೆಂಬುದು ನಿಜ, ಆದರೆ ಪದದ ಕೊನೆಯ ಅಕ್ಷರಗಳನ್ನು ಎಳೆಯುವಾಗ ಭಾಗವತರ ಹೊಟ್ಟೆ ಒಳಸೇರುವುದನ್ನು ಗಮನಿಸಿದವರಿಗೆ ಆತ ಎಲ್ಲಿ ಬೆರಳಿಟ್ಟಿದ್ದಾನೆಂಬುದು ತಿಳಿಯುತ್ತದೆ.

ಇನ್ನು ಕಂಠ. ಧ್ವನಿಪೆಟ್ಟಿಗೆಯ ಮೂಲ ಕೆಲಸ ಮಾತಲ್ಲ, ಅನ್ನನೀರು ಶ್ವಾಸನಾಳಕ್ಕೆ ಇಳಿಯದಂತೆ ಬಾಗಿಲು ಕಾಯುವುದು. ಆ ಕಾವಲಿನ ಎರಡು ಮಡಿಕೆಗಳೇ ಧ್ವನಿತಂತುಗಳು. ಅವು ಹತ್ತಿರ ಬಂದಾಗ ಕೆಳಗಿನ ಗಾಳಿ ಅವನ್ನು ತಳ್ಳಿ ತೆರೆಯುತ್ತದೆ, ತಮ್ಮದೇ ಬಿಗಿತದಿಂದಲೂ ನುಗ್ಗುವ ಗಾಳಿಯ ಸೆಳೆತದಿಂದಲೂ ಅವು ಮತ್ತೆ ಕೂಡಿಕೊಳ್ಳುತ್ತವೆ. ಗಂಡಸರ ಸಾಮಾನ್ಯ ಮಾತಿನಲ್ಲಿ ಇದು ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಲ, ಹೆಂಗಸರಲ್ಲಿ ಇನ್ನೂರರ ಆಸುಪಾಸು. ಎತ್ತರದ ಶ್ರುತಿಯ ಪದಗಳಲ್ಲಿ ಇನ್ನೂ ಹೆಚ್ಚು. ಹಾಡುವಾಗಿನ ಈ ಚಲನೆಯನ್ನು ಚಿಕ್ಕ ಕನ್ನಡಿಗಳ ಮೂಲಕ ತನ್ನದೇ ಗಂಟಲಿನಲ್ಲಿ ಕಂಡು 1855ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ವಿವರಿಸಿದ ಮ್ಯಾನುಯೆಲ್ ಗಾರ್ಸಿಯಾ ವೈದ್ಯನಲ್ಲ, ಸಂಗೀತದ ಮೇಷ್ಟ್ರು ಎಂಬುದು ನನಗೆ ಬಹಳ ಇಷ್ಟದ ಸಂಗತಿ.

ಅರ್ಥಧಾರಿಗೆ ಗಾಳಿಯ ಖರ್ಚು ತಿಳಿಯುವುದು ಮಹಾಪ್ರಾಣಗಳಲ್ಲಿ. ಬಾಯಿಯ ಮುಂದೆ ಅಂಗೈ ಹಿಡಿದು ‘ಕ’, ‘ಖ’ ಎಂದು ನೋಡಿ. ಎರಡನೆಯದರಲ್ಲಿ ಅಂಗೈಗೆ ಗಾಳಿ ಬಡಿಯುತ್ತದೆ, ಏಕೆಂದರೆ ನಾಲಿಗೆ ಬಿಡಿಸಿಕೊಂಡ ಮೇಲೂ ಧ್ವನಿತಂತುಗಳು ಕೊಂಚ ಹೊತ್ತು ಅಗಲವಾಗಿಯೇ ಉಳಿಯುತ್ತವೆ. ‘ಘ’, ‘ಭ’ಗಳಲ್ಲಿ ತಂತುಗಳು ಕಂಪಿಸುತ್ತಲೇ ಗಾಳಿಯನ್ನು ಸೋರಗೊಡುತ್ತವೆ. ಸಂತೆಯ ಮಾತಿನಲ್ಲಿ ನಾವು ಈ ಹೊರೆಯನ್ನು ಇಳಿಸಿಬಿಡುತ್ತೇವೆ, ಭೀಷ್ಮನ ಅರ್ಥ ಹೇಳುವವನಿಗೆ ಆ ಸೌಲಭ್ಯವಿಲ್ಲ. ವೇಷಧಾರಿಗಳ ಪಾಡು ಇನ್ನೂ ಬಿಗಿ: ಸೊಂಟಕ್ಕೆ ಕಟ್ಟಿದ ಉಡುಪು ಹೊಟ್ಟೆಯ ಗೋಡೆಯನ್ನು ಮುಂದೆ ಬರಗೊಡದಿದ್ದರೆ ವಪೆಗೆ ಕೆಳಗಿಳಿಯಲು ಜಾಗ ಸಾಲದು, ಅದೂ ಕುಣಿದು ಆಮ್ಲಜನಕದ ಬೇಡಿಕೆ ಏರಿದ ಹೊತ್ತಿನಲ್ಲಿ.

ಕೂತ ಕಂಠದ ಬಗ್ಗೆ ಒಂದು ಮಾತು. ರಾತ್ರಿಯಿಡೀ ಹಾಡಿ ಒಡೆದ ಸ್ವರ ವಿಶ್ರಾಂತಿಯಿಂದ, ನೀರಿನಿಂದ ಸರಿಹೋಗುವುದು ರೂಢಿ. ಆದರೆ ಎಡಬದಿಯ ಧ್ವನಿತಂತುವನ್ನು ನಡೆಸುವ ನರ ನೇರವಾಗಿ ಗಂಟಲಿಗೆ ಬಾರದೆ, ಎದೆಯೊಳಗೆ ಇಳಿದು ಮಹಾಪಧಮನಿಯ ಕಮಾನನ್ನು ಬಳಸಿ ಮತ್ತೆ ಮೇಲೇರಿ ಬರುತ್ತದೆ; ಆ ದಾರಿಯಲ್ಲಿ ಶ್ವಾಸಕೋಶದ ಗಡ್ಡೆಯೊಂದು ಒತ್ತಿದರೂ ಅದು ಮೊದಲು ಕಾಣಿಸಿಕೊಳ್ಳುವುದು ಗೊಗ್ಗರು ದನಿಯಾಗಿ ಇರಬಹುದು. ಮೂರು ವಾರ ಕಳೆದರೂ ದನಿ ಬಿಡದಿದ್ದರೆ, ಅದರಲ್ಲೂ ಬೀಡಿ ಸೇದುವವರು, ಜ್ಯೇಷ್ಠಮಧು, ಕಷಾಯ ಇವನ್ನೇ ನಂಬಿ ಕೂರದೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಬೇಕು.