ಎಐ ಎಷ್ಟು ಯೋಚಿಸಬೇಕು?

ಉತ್ತರ ಕೊಡುವ ಮುನ್ನ ಎಐ ಸಹಾಯಕವು ಎಷ್ಟು ಯೋಚಿಸಬೇಕೆಂಬುದನ್ನು ಈಗ ನಾವೇ ನಿಗದಿಪಡಿಸಬಹುದು. 2025ರ ಜನವರಿಯಲ್ಲಿ ಬಂದ ಓಪನ್‌ಎಐನ ಓ3-ಮಿನಿ ಎಂಬ ಮಾದರಿಯಲ್ಲಿ (ಸಹಾಯಕದ ಒಳಗಿದ್ದು ಉತ್ತರ ಬರೆಯುವ ಎಐ ವ್ಯವಸ್ಥೆ) ಇದಕ್ಕೆ ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರು ಹಂತಗಳಿದ್ದವು; ಮರುತಿಂಗಳು ಬಂದ ಆಂಥ್ರೊಪಿಕ್‌ನ ಕ್ಲಾಡ್ 3.7 ಸಾನೆಟ್‌ನಲ್ಲಿ ತಂತ್ರಾಂಶ ಬರೆಯುವವರು ಯೋಚನೆಗೆಂದೇ 1,024 ಟೋಕನ್‌ಗಳಿಂದ (ಟೋಕನ್ ಎಂದರೆ ಪದ ಅಥವಾ ಪದದ ತುಣುಕು) ಮೇಲಕ್ಕೆ ಒಂದು ಮಿತಿಯನ್ನು ಗೊತ್ತುಪಡಿಸಬಹುದಾಗಿತ್ತು. ವ್ಯವಸ್ಥೆ ಯಾವುದಾದರೂ ಒಳಗೆ ನಡೆಯುವ ಕೆಲಸ ಹೆಚ್ಚುಕಡಿಮೆ ಒಂದೇ: ಮಾದರಿಯು ಮೊದಲು ತನಗಾಗಿ ಒಂದು ಕರಡು ಬರೆದುಕೊಂಡು, ಅದರಲ್ಲೇ ಲೆಕ್ಕ ಹಾಕಿ, ತಪ್ಪೆನಿಸಿದ್ದನ್ನು ತಿದ್ದಿಕೊಂಡು, ಆಮೇಲೆ ಉತ್ತರಕ್ಕೆ ಬರುತ್ತದೆ. ಎಪಿಐ (ತಮ್ಮ ತಂತ್ರಾಂಶದಿಂದಲೇ ಮಾದರಿಯನ್ನು ಬಳಸುವ ದಾರಿ) ಬಳಸುವವರಿಗೆ ಆ ಕರಡಿಗೂ ಉತ್ತರದ ದರದಲ್ಲೇ ಬಿಲ್ ಬರುತ್ತದೆ.

ಯಾವಾಗಲೂ 'ಹೆಚ್ಚು' ಎಂದೇ ಇಟ್ಟುಬಿಟ್ಟರಾಯಿತಲ್ಲ ಎನ್ನುವ ಸ್ನೇಹಿತರ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ತೀರ್ಮಾನವು ಇನ್ನೊಂದನ್ನು ಕಟ್ಟಿಹಾಕುವಂಥ ಕೆಲಸಗಳಲ್ಲಿ ಮಾತ್ರ ದೀರ್ಘ ಯೋಚನೆಗೆ ಬೆಲೆಯಿದೆ. ಕಾಲೇಜಿನ ಪರೀಕ್ಷೆಗೆ ಕೊಠಡಿ ಮೇಲ್ವಿಚಾರಕರ ಪಟ್ಟಿ ಮಾಡಿದವರಿಗೆ ಇದು ಗೊತ್ತು. ತಮ್ಮದೇ ವಿಷಯದ ಪರೀಕ್ಷೆಗೆ ಯಾರನ್ನೂ ಹಾಕುವಂತಿಲ್ಲ, ಬೆಳಗ್ಗೆ ಮತ್ತು ಮಧ್ಯಾಹ್ನ ಎರಡೂ ಪಾಳಿ ಒಬ್ಬರಿಗೇ ಬರಬಾರದು, ರಜೆಯಲ್ಲಿರುವವರನ್ನು ಬಿಡಬೇಕು. ಒಂದು ಹೆಸರು ಬದಲಿಸಿದರೆ ಹಿಂದಿನ ನಾಲ್ಕು ಕೊಠಡಿಗಳು ಅಲ್ಲಾಡುತ್ತವೆ. ಕಡಿಮೆ ಹಂತದಲ್ಲಿ ನೋಡಲು ಅಚ್ಚುಕಟ್ಟಾದ ಕೋಷ್ಟಕ ಬಂದರೂ, ಒಬ್ಬರೇ ಏಕಕಾಲಕ್ಕೆ ಎರಡು ಕೊಠಡಿಗಳಲ್ಲಿ ಕಾಣಿಸಿಕೊಳ್ಳುವ ಸಂಭವವಿರುತ್ತದೆ. ಹೆಚ್ಚಿನ ಹಂತದಲ್ಲಿ ಇಂಥ ಘರ್ಷಣೆಯನ್ನು ಮಾದರಿಯು ಕರಡಿನಲ್ಲೇ ಹಿಡಿದು ಸರಿಪಡಿಸುವ ಸಾಧ್ಯತೆ ಹೆಚ್ಚು, ಕಾಯುವ ಹೊತ್ತೂ ಹೆಚ್ಚು.

ಅದೇ ಪರೀಕ್ಷೆಯ ಸುತ್ತೋಲೆಯನ್ನು ಬರೆಸಲು ಇಷ್ಟೆಲ್ಲ ಬೇಕಿಲ್ಲ. ಇನ್ನು ಮಾದರಿಗೆ ಗೊತ್ತೇ ಇಲ್ಲದ ಸಂಗತಿಯನ್ನು, ಉದಾಹರಣೆಗೆ ಯಾವುದೋ ಹಳ್ಳಿಯ ಶಾಸನದ ಕಾಲವನ್ನು ಕೇಳಿ ಯೋಚನೆಯನ್ನು ಏರಿಸಿದರೆ, ಊಹೆಯೇ ಇನ್ನಷ್ಟು ವಿಸ್ತಾರವಾಗಿ ಬರುವ ಅಪಾಯವಿದೆ. ಅಲ್ಲಿ ಬೇಕಾದದ್ದು ಶಾಸನದ ಪಾಠ ಅಥವಾ ಅಂತರ್ಜಾಲ ಹುಡುಕಾಟ. ಪಟ್ಟಿಯ ನಿಬಂಧನೆಗಳನ್ನು ನಾವೇ ಅರ್ಧಂಬರ್ಧ ಹೇಳಿದ್ದರೂ ಅಷ್ಟೆ, ಯೋಚನೆ ಏರಿಸಿ ಪ್ರಯೋಜನವಿಲ್ಲ.

ಹಾಗಾಗಿ ನಾನು ಮಧ್ಯಮದಿಂದ ಆರಂಭಿಸಿ, ಮಾಹಿತಿಯೆಲ್ಲ ಕೊಟ್ಟ ಮೇಲೂ ಲೆಕ್ಕವೋ ತರ್ಕವೋ ತಪ್ಪಿದಾಗ ಮಾತ್ರ ಹಂತ ಏರಿಸುತ್ತೇನೆ. ಪರದೆಯ ಮೇಲೆ ಕಾಣುವ ಯೋಚನೆಯನ್ನು ಓದಿ ನಿಶ್ಚಿಂತನಾಗುವುದಿಲ್ಲ, ಏಕೆಂದರೆ ಹಲವು ಸೇವೆಗಳಲ್ಲಿ ಅಲ್ಲಿ ತೋರಿಸುವುದು ಬರೀ ಸಾರಾಂಶ. ಮೇಲ್ವಿಚಾರಕರ ಪಟ್ಟಿಯ ಜೊತೆಗೆ ಪ್ರತಿಯೊಬ್ಬರ ದಿನಾಂಕ, ಪಾಳಿ, ಕೊಠಡಿಗಳನ್ನು ಬೇರೆಯಾಗಿ ಬರೆದುಕೊಡಲು ಕೇಳಿದರೆ, ಒಂದೇ ಹೊತ್ತಿಗೆ ಎರಡು ಕಡೆ ಬಿದ್ದ ಹೆಸರು ಸಾಲಿನ ಮೇಲೆ ಕಣ್ಣಾಡಿಸುವಷ್ಟರಲ್ಲಿ ಸಿಕ್ಕಿಬೀಳುತ್ತದೆ.