ಡೊಂಬಿವಲಿಯ ಹದಿನೇಳು ದಿನಗಳು

2020ರ ಜುಲೈ ತಿಂಗಳಿನಲ್ಲಿ, ಮಳೆ ಹಿಡಿದು ಹೊಡೆಯುತ್ತಿದ್ದ ದಿನಗಳಲ್ಲಿ, ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಮಲಗುವ ಕೋಣೆಯೊಳಗೆ ನಾನು ಹದಿನೇಳು ದಿನ ಬಾಗಿಲು ಹಾಕಿಕೊಂಡು ಉಳಿದಿದ್ದೆ. ಕೋವಿಡ್ ಲಕ್ಷಣಗಳು ಸೌಮ್ಯವಾಗಿದ್ದುದರಿಂದ ಆಸ್ಪತ್ರೆಗೆ ಸೇರುವ ಪ್ರಸಂಗ ಬರಲಿಲ್ಲ. ಲಕ್ಷಣ ಕಾಣಿಸಿಕೊಂಡಲ್ಲಿಂದ ಹತ್ತು ದಿನ ಪ್ರತ್ಯೇಕವಾಗಿರಬೇಕು, ಅದರಲ್ಲಿ ಕೊನೆಯ ಮೂರು ದಿನ ಜ್ವರವಿರಬಾರದು, ಬಳಿಕ ಇನ್ನೂ ಏಳು ದಿನ ಮನೆಯಲ್ಲೇ ಇರಬೇಕು ಎಂಬುದು ಆಗಿನ ನಿಯಮ. ಹೆಂಡತಿ ಮತ್ತು ಒಂಬತ್ತು ವರ್ಷದ ಮಗಳು ಹಾಲ್‌ನಲ್ಲಿದ್ದರು. ಕುಮಟಾದ ಕಡೆಯ ನೆಂಟರು ಇಂದಿಗೂ ಆ ದಿನಗಳನ್ನು ಹೇಗೆ ಕಳೆದೆ ಎಂದು ಕೇಳುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಡೊಂಬಿವಲಿಯಲ್ಲಿರುವ ನೌಕರನ ದಿನವನ್ನು ರೂಪಿಸುವುದು ಲೋಕಲ್ ರೈಲು ಎಂಬುದನ್ನು ಊರಿನವರು ಮೊದಲು ತಿಳಿಯಬೇಕು. ಎಷ್ಟು ಗಂಟೆಗೆ ಏಳಬೇಕು, ಯಾವಾಗ ಸ್ನಾನ, ಯಾವಾಗ ಡಬ್ಬಿ ಕಟ್ಟಬೇಕು, ರಾತ್ರಿ ಎಷ್ಟು ಹೊತ್ತಿಗೆ ಮಲಗಬೇಕು ಎಲ್ಲವೂ ಬೆಳಗಿನ ಗಾಡಿಯ ನಿಮಿಷಕ್ಕೆ ಕಟ್ಟುಬಿದ್ದಿರುತ್ತದೆ. ಮಾರ್ಚ್ ಕೊನೆಯಲ್ಲಿ ಆ ಗಾಡಿಗಳು ನಿಂತವು. ಜೂನ್ 15ರಿಂದ ಓಡಿದವೂ ಅಗತ್ಯ ಸೇವೆಯವರಿಗೆ ಮಾತ್ರ. ನನ್ನಂಥವರಿಗೆ ಮತ್ತೆ ಹತ್ತಲು ಸಿಕ್ಕಿದ್ದು 2021ರ ಫೆಬ್ರವರಿ 1ರಂದು. ಹೀಗಾಗಿ ರೋಗ ಬರುವ ಮೊದಲೇ ನನ್ನ ದಿನಕ್ಕೆ ಚೌಕಟ್ಟಿರಲಿಲ್ಲ. ಮಧ್ಯಾಹ್ನ ನಿದ್ದೆ, ರಾತ್ರಿ ಎಚ್ಚರ, ನಡುನಡುವೆ ಮೊಬೈಲ್‌ನಲ್ಲಿ ಸಾವಿನ ಸುದ್ದಿ.

ಕೋಣೆ ಸೇರಿದ ದಿನವೇ ಒಂದು ಪಟ್ಟಿ ಬರೆದೆ. ಇಷ್ಟು ಪುಟ ಓದುವುದು, ಇಷ್ಟು ಹೊತ್ತು ಪ್ರಾಣಾಯಾಮ, ಹಳೆಯ ಕಾಗದಪತ್ರಗಳ ವಿಲೇವಾರಿ. ಮೂರು ದಿನ ಶ್ರದ್ಧೆಯಿಂದ ಪಾಲಿಸಿದೆ, ನಾಲ್ಕನೆಯ ದಿನ ಪುಸ್ತಕ ತೆರೆದಿಟ್ಟುಕೊಂಡು ಗೋಡೆ ನೋಡುತ್ತ ಕುಳಿತೆ. ಓದಿದರೂ ಬಿಟ್ಟರೂ ಯಾರಿಗೂ ಏನೂ ವ್ಯತ್ಯಾಸವಾಗದ ಕೆಲಸಗಳವು. ಆ ನಡುವೆ ಊರಿನಿಂದ ಬಂದ ಒಂದೆರಡು ಕರೆಗಳಲ್ಲಿ "ಈಗ ಮಾತ್ರ ಇತ್ತ ಬರಬೇಡಿ" ಎಂಬ ಮಾತಿತ್ತು. ಮುಂಬೈಯಿಂದ ಬಂದವರೆಂದರೆ ಹೆದರುತ್ತಿದ್ದ ಕಾಲವದು. ಅವರ ಭಯ ಅರ್ಥವಾಗುತ್ತಿತ್ತು, ಆದರೂ ಆ ರಾತ್ರಿ ಬಹಳ ಅತ್ತೆ.

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕದ ಪ್ರಮಾಣ ನೋಡುವ ಆಕ್ಸಿಮೀಟರ್ ನನ್ನ ದೊಡ್ಡ ಶತ್ರುವಾಯಿತು. ಅಂಕಿ 94ಕ್ಕಿಂತ ಕೆಳಗಿಳಿದರೆ ಕೂಡಲೇ ತಿಳಿಸಬೇಕು, ದಿನಕ್ಕೆ ನಾಲ್ಕು ಸಲ ನೋಡಿದರೆ ಸಾಕು ಎಂದು ವೈದ್ಯರು ಹೇಳಿದ್ದರು. ನಾನು ಹತ್ತು ನಿಮಿಷಕ್ಕೊಮ್ಮೆ ಬೆರಳು ಸಿಕ್ಕಿಸಿಕೊಳ್ಳುತ್ತಿದ್ದೆ. ಬೆರಳು ತಣ್ಣಗಿದ್ದರೂ ಅಂಕಿ ತಪ್ಪಾಗಿ ಇಳಿಯುವುದುಂಟು. ಇಳಿದದ್ದು ಕಂಡರೆ ಎದೆ ಹೊಡೆದುಕೊಳ್ಳುವುದು, ಎದೆ ಹೊಡೆದುಕೊಂಡರೆ ಉಸಿರೇ ಸಾಲದೆಂದು ಅನಿಸುವುದು. ಇದನ್ನು ನಿಲ್ಲಿಸಲು ಹೆಂಡತಿ ಒಂದು ಉಪಾಯ ಮಾಡಿದಳು. ಅಂಕಿ ಬರೆದುಕೊಳ್ಳುವ ಜವಾಬ್ದಾರಿಯನ್ನು ಮಗಳಿಗೆ ವಹಿಸಿದಳು. ಅವಳು ಬಾಗಿಲಾಚೆ ನಿಂತು "ಅಪ್ಪಾ, ಎಷ್ಟು?" ಎಂದು ಕೇಳಿದಾಗ ಮಾತ್ರ ನಾನು ನೋಡತಕ್ಕದ್ದು.

ಮಗಳು ಮರಾಠಿ ಶಾಲೆಯಲ್ಲಿ ಓದುವವಳು. ಮನೆಯಲ್ಲಿ ಕನ್ನಡ ಆಡುತ್ತಾಳೆ, ಆದರೆ ಅಕ್ಷರ ಬರುತ್ತಿರಲಿಲ್ಲ. ಕಲಿಸುತ್ತೇನೆ ಎಂದು ನಾನು ವರ್ಷಗಟ್ಟಲೆ ಮುಂದೂಡಿದ್ದೆ. ಅಂಕಿಯನ್ನು ಕನ್ನಡದಲ್ಲಿ ಬರೆಯುತ್ತೀಯಾ ಎಂದು ಕೇಳಿದಾಗ ಅವಳು ಕುಣಿದಾಡಿದಳು. ಮರುದಿನ ೯೬ ಎಂಬುದನ್ನು ತಿರುಗಿಸಿ ೬೯ ಎಂದು ಬರೆದಿಟ್ಟಳು. ಅದನ್ನು ನೋಡಿದ ತಾಯಿ ಬಾಗಿಲು ಬಡಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಅಂಕಿಯಿಂದ ಅಕ್ಷರಕ್ಕೆ ಬಂದೆವು. ಅವಳು ಬರೆದ ಚೀಟಿ ಬಾಗಿಲಿನ ಸಂದಿಯಿಂದ ಒಳಗೆ ಬರುತ್ತಿತ್ತು. ಒಳಗೆ ಬಂದ ಕಾಗದವನ್ನು ಹೊರಗೆ ಕಳಿಸುವುದು ಬೇಡವೆಂದು ನಾವೇ ನಿಶ್ಚಯಿಸಿಕೊಂಡಿದ್ದೆವು. ಆದ್ದರಿಂದ ತಿದ್ದುವುದೆಲ್ಲ ಬಾಯಿಂದಲೇ ಆಗಬೇಕಿತ್ತು. ತಲಕಟ್ಟು, ಗುಡಿಸು, ಕೊಂಬು, ಎತ್ವ, ಏತ್ವ ಎಂದು ಕುಮಟಾದ ಶಾಲೆಯಲ್ಲಿ ಉರುಹೊಡೆದ ಹೆಸರುಗಳು ನಲವತ್ತು ವರ್ಷಗಳ ಮೇಲೆ ನಾಲಿಗೆಗೆ ಬಂದವು. ಮರಾಠಿ ಬರವಣಿಗೆಯಲ್ಲಿ ಎ ಮತ್ತು ಏ ಎಂಬ ಭೇದಕ್ಕೆ ಬೇರೆ ಬೇರೆ ಚಿಹ್ನೆಯಿಲ್ಲ, ಒ ಮತ್ತು ಓ ಎಂಬುದಕ್ಕೂ ಇಲ್ಲ. ಹಾಗಾಗಿ ಅವಳ ಮೊದಲ ಚೀಟಿಗಳಲ್ಲಿ ಮೆಣಸು ಮೇಣಸಾಗಿತ್ತು, ಕೊಡೆ ಕೋಡೆಯಾಗಿತ್ತು. ಳಕಾರ ಮಾತ್ರ ಮರಾಠಿಯಲ್ಲಿಯೂ ಇರುವುದರಿಂದ ಮಳೆ ಎಂದು ಸಲೀಸಾಗಿ ಬರೆದಳು. ಒತ್ತಕ್ಷರ ಹೆಚ್ಚು ಕಷ್ಟವಾಯಿತು. ದೇವನಾಗರಿಯಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನ ಅರ್ಧವಾಗುತ್ತದೆ, ನಮ್ಮಲ್ಲಿ ಎರಡನೆಯದು ಕೆಳಗೆ ಇಳಿಯುತ್ತದೆ. ಅರ್ಕಾವೊತ್ತಂತೂ ಅವಳಿಗೆ ಅನ್ಯಾಯವೆಂದೇ ಕಂಡಿತು. ಉಚ್ಚಾರದಲ್ಲಿ ಮೊದಲು ಬರುವ ರಕಾರವನ್ನು ಬರೆಯುವಾಗ ಹಿಂದಕ್ಕೆ ತಳ್ಳುವುದೇಕೆ ಎಂಬುದು ಅವಳ ಪ್ರಶ್ನೆ. ಕರ್ನಾಟಕ ಎಂಬ ಪದವನ್ನು ಎರಡು ದಿನ "ಕನಾರಟಕ" ಎಂದೇ ಓದಿದಳು. ಮರಾಠಿಯಲ್ಲಿಯೂ ಆ ರಕಾರ ಮುಂದಿನ ಅಕ್ಷರದ ತಲೆಯ ಮೇಲೆಯೇ ಕೂರುತ್ತದೆಯಲ್ಲ ಎಂದು ನಾನು ನೆನಪಿಸಿದಾಗ ಬಾಗಿಲಾಚೆ ಬಹಳ ಹೊತ್ತು ಮೌನವಿತ್ತು, ಆಮೇಲೆ ಒಂದು ದೊಡ್ಡ "ಹೌದಲ್ಲಾ!" ಕೇಳಿಸಿತು.

ನನ್ನ ದಿನ ಮತ್ತೆ ನಿಂತುಕೊಂಡಿದ್ದು ಹೀಗೆ. ಬೆಳಗ್ಗೆ ಎಂಟಕ್ಕೆ ಅವಳು ಬಾಗಿಲ ಬಳಿ ಬರುತ್ತಾಳೆಂದರೆ ನಾನು ಏಳಕ್ಕೇ ಎದ್ದು, ಮುಖ ತೊಳೆದು, ಕಿಟಕಿ ತೆರೆದು ಬೆಳಕಿಗೆ ಕುಳಿತಿರಬೇಕು. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ರಾತ್ರಿಯ ನಿದ್ದೆ ತಾನಾಗಿ ಸರಿಹೋಗುತ್ತದೆ ಎಂಬುದು ಆಗ ಅನುಭವಕ್ಕೆ ಬಂತು. ಸುದ್ದಿಯನ್ನು ದಿನಕ್ಕೆ ಒಂದೇ ಸಲ, ಸಂಜೆಯ ಮುಂಚೆ ನೋಡತೊಡಗಿದೆ. ಬಿಟ್ಟುಹೋಗಿದ್ದ ಓದು, ಪ್ರಾಣಾಯಾಮ ಎಲ್ಲವೂ ಪಾಠದ ಅಕ್ಕಪಕ್ಕದಲ್ಲಿ ಜಾಗ ಹುಡುಕಿಕೊಂಡವು. ಹೊತ್ತು ಕಳೆಯಲೆಂದು ಹಮ್ಮಿಕೊಂಡ ಕೆಲಸ ನನ್ನನ್ನು ಹಿಡಿದು ನಿಲ್ಲಿಸಲಿಲ್ಲ, ಇನ್ನೊಬ್ಬರು ಕಾಯುತ್ತಿದ್ದ ಕೆಲಸ ನಿಲ್ಲಿಸಿತು.

ಮನೆಯವರು ಜೊತೆಗಿಲ್ಲದವರ ಪಾಡು ಬೇರೆ. ಮಾಟುಂಗಾದ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಕುಂದಾಪುರದ ಕಡೆಯ ಪರಿಚಿತರೊಬ್ಬರು, ಜೊತೆಯವರೆಲ್ಲ ಊರಿಗೆ ಹೋದ ಮೇಲೆ ಮುಚ್ಚಿದ ಹೋಟೆಲಿನ ಮಾಳಿಗೆಯಲ್ಲಿ ಒಬ್ಬರೇ ಇದ್ದರು. ಅವರು ರಾತ್ರಿ ಒಂಬತ್ತಕ್ಕೆ ನನಗೆ ಫೋನ್ ಮಾಡುವುದು, ಒಂದು ದಿನ ತಪ್ಪಿದರೆ ನಾನು ಮಾಡುವುದು ಎಂದು ಮಾತಾಯಿತು. "ಮರ್ರೆ, ಇವತ್ತು ಎಂತ ಅಡಿಗೆ?" ಎಂಬುದಕ್ಕಿಂತ ದೊಡ್ಡ ವಿಷಯ ನಾವು ಮಾತನಾಡಿದ್ದು ಕಡಿಮೆ. ಈಗಲೂ ಹೊರನಾಡಿನ ಕೋಣೆಗಳಲ್ಲಿ ಒಬ್ಬರೇ ಇರುವ ನಮ್ಮ ಹುಡುಗರು ಅನೇಕರಿದ್ದಾರೆ. ನಿದ್ದೆ ಬಾರದೆ, ಊಟ ರುಚಿಸದೆ, ಬದುಕೇ ಬೇಡವೆನಿಸುವ ಹಂತ ಬಂದರೆ ಅಂಥ ಮಾತುಕತೆ ಸಾಲದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಈ ಸಂಖ್ಯೆಯನ್ನು ನಿಮ್ಮ ಮಕ್ಕಳ ಫೋನಿಗೆ ದಯವಿಟ್ಟು ಇಂದೇ ಕಳಿಸಿ.

ಹದಿನಾರನೆಯ ದಿನ ಮಗಳು ತನ್ನ ಅಜ್ಜಿಗೆ ನಾಲ್ಕು ಸಾಲಿನ ಕಾಗದ ಬರೆದು, ಬಾಗಿಲಾಚೆ ನಿಂತು ನನಗೆ ಓದಿ ಹೇಳಿದಳು. ಉತ್ತರ ಬಂದಾಗ ಸೆಪ್ಟೆಂಬರ್ ಆಗಿತ್ತು. ಅಜ್ಜಿ ಲಕೋಟೆಯ ಹಿಂಬದಿಯಲ್ಲಿ ತನ್ನ ಪೂರ್ತಿ ವಿಳಾಸವನ್ನು ದಪ್ಪ ಅಕ್ಷರಗಳಲ್ಲಿ ಬರೆದಿದ್ದಳು. ಮಗಳು ಲಕೋಟೆಯನ್ನು ಒಡೆಯದೆ, ಕಿಟಕಿಯ ಬಳಿ ಹಿಡಿದು, ಮನೆಯ ಹೆಸರು, ಕೇರಿ, ತಾಲೂಕು, ಜಿಲ್ಲೆ ಒಂದೊಂದನ್ನೇ ಓದುತ್ತ ಬಂದು, ಕೊನೆಯ ಸಾಲಿನ ಕರ್ನಾಟಕವನ್ನು ಎಲ್ಲಿಯೂ ನಿಲ್ಲದೆ ಓದಿ ಮುಗಿಸಿದಳು.