ಚೆಂಗ್ಡುವಿನಲ್ಲಿ ನಾನೊಬ್ಬ ಹೆಬ್ಬೆಟ್ಟು

ಅಷ್ಟು ವರ್ಷ ಓದಿ, ಡಿಗ್ರಿ ಮೇಲೆ ಡಿಗ್ರಿ ಮಾಡಿ, ಒಂದು ವಿಮಾನ ಹತ್ತಿ ಇಳಿಯುವಷ್ಟರಲ್ಲಿ ನಾನು ಹೆಬ್ಬೆಟ್ಟು ಆಗಿಬಿಟ್ಟಿದ್ದೆ. ಆರು ತಿಂಗಳ ಕೆಲಸಕ್ಕೆ ಅಂತ ಫೆಬ್ರವರಿ ಕೊನೆಯಲ್ಲಿ ಚೆಂಗ್ಡುಗೆ ಬಂದೆ. ಚೀನಾದ ಸಿಚುವಾನ್ ಪ್ರಾಂತ್ಯದ ರಾಜಧಾನಿ, ದೊಡ್ಡ ಊರು. ಮೆಟ್ರೋದಲ್ಲಿ ಇಂಗ್ಲಿಷ್ ಬೋರ್ಡು ಇರುತ್ತೆ, ಅಲ್ಲಿ ತೊಂದರೆ ಇಲ್ಲ. ಮೆಟ್ರೋ ಮೆಟ್ಟಿಲು ಹತ್ತಿ ಗಲ್ಲಿಗೆ ಕಾಲಿಟ್ಟ ಕೂಡಲೇ ಔಷಧಿ ಅಂಗಡಿ ಯಾವುದು, ಕ್ಷೌರದ ಅಂಗಡಿ ಯಾವುದು ಅಂತಲೂ ಓದಲಾಗದು. ಗಾಜಿನೊಳಗೆ ಇಣುಕಿ ನೋಡಬೇಕು, ಅಷ್ಟೆ.

ಮೊದಲು ಕಲಿತ ಅಕ್ಷರ ಯಾವುದು ಗೊತ್ತಾ? ಶೌಚಾಲಯದ ಬಾಗಿಲಿನದು. ಗಂಡಸು ಅನ್ನುವ ಅಕ್ಷರದ ಮೇಲ್ಗಡೆ ಕಿಟಕಿಯ ಹಾಗೆ ನಾಲ್ಕು ಕಿಂಡಿಯ ಚೌಕ, ಅದು ಹೊಲ. ಕೆಳಗಿರುವುದು ಬಲ. ಹೊಲದಲ್ಲಿ ದುಡಿಯುವ ಬಲ, ಅದೇ ಗಂಡಸು. ಒಂದು ಸಲ ಹೀಗೆ ಕೇಳಿದ ಮೇಲೆ ಮರೆಯುವುದೇ ಇಲ್ಲ. (ಕಾಗದ ಮಾತ್ರ ಜೇಬಲ್ಲಿ ಇಟ್ಟುಕೊಂಡೇ ಹೋಗಬೇಕು. ಇದನ್ನೂ ಮೊದಲ ದಿನವೇ ಕಲಿತೆ, ವಿವರ ಬೇಡ.)

ಮನೆ ಕೊಟ್ಟವರು ಅರವತ್ತು ದಾಟಿದ ಹೆಂಗಸು. ಈ ವಯಸ್ಸಿನವರನ್ನು ಇಲ್ಲಿ 'ಆಯಿ' ಅಂತ ಕರೀತಾರೆ, ಚಿಕ್ಕಮ್ಮ, ಅತ್ತೆ ಅನ್ನುವ ಅರ್ಥದಲ್ಲಿ. ನಾನು ನಮ್ಮಜ್ಜಿಯನ್ನು ಆಯಿ ಅಂತಲೇ ಕರೆದು ಬೆಳೆದವನು. ಇಡೀ ಚೀನೀ ಭಾಷೆಯಲ್ಲಿ ನನ್ನ ಬಾಯಿಗೆ ತಾನಾಗಿ ಬಂದ ಶಬ್ದ ಅದೊಂದೇ. ಹೋಟೆಲಿನಲ್ಲಿ ಉಳಿಯದೆ ಮನೆಯಲ್ಲಿ ಇರುವ ವಿದೇಶಿಯರು ಬಂದ 24 ಗಂಟೆಯೊಳಗೆ ಪೊಲೀಸರಲ್ಲಿ ಹೆಸರು ನೋಂದಾಯಿಸಬೇಕು. ಆಯಿಯೇ ಕೈ ಹಿಡಿದು ಠಾಣೆಗೆ ಕರಕೊಂಡು ಹೋದರು. ಅವರು ಮಾತಾಡಿದರು, ನಾನು ಪಾಸ್‌ಪೋರ್ಟ್ ಹಿಡಿದು ನಕ್ಕೆ. ಶಾಲೆಗೆ ಸೇರಿಸಲು ಕರಕೊಂಡು ಬಂದ ಹುಡುಗನ ಥರ.

ಮರುದಿನ ಬೆಳಗ್ಗೆ ಆರೂವರೆಗೆ ಎದ್ದರೆ ಹೊರಗೆ ಕಗ್ಗತ್ತಲು. ಫೋನ್ ಗಡಿಯಾರ ಕೆಟ್ಟಿದೆ ಅಂದುಕೊಂಡೆ. ಇಷ್ಟು ಅಗಲದ ದೇಶಕ್ಕೆಲ್ಲ ಬೀಜಿಂಗಿನದ್ದೇ ಒಂದು ಗಡಿಯಾರ, ಚೆಂಗ್ಡು ಇರುವುದು ಅದಕ್ಕಿಂತ ಎಷ್ಟೋ ಪಶ್ಚಿಮಕ್ಕೆ, ಹಾಗಾಗಿ ಇಲ್ಲಿ ಸೂರ್ಯ ತಡವಾಗಿ ಬರ್ತಾನೆ. ಬಂದರೂ ಮೋಡದ ಹಿಂದೆಯೇ. ಸಿಚುವಾನಿನ ನಾಯಿ ಸೂರ್ಯನನ್ನು ಕಂಡರೆ ಬೊಗಳುತ್ತೆ ಅಂತ ಚೀನೀಯರಲ್ಲಿ ಹಳೆಯ ಮಾತೇ ಇದೆ.

ಇನ್ನು ತರಕಾರಿ ಮಾರ್ಕೆಟ್ಟು. ಬರುವ ಮೊದಲು ಒಂದರಿಂದ ಹತ್ತು ಬಾಯಿಪಾಠ ಮಾಡಿದ್ದೆ. ನಾಲ್ಕು ಅಂದರೆ 'ಸ್', ಹತ್ತು ಅಂದರೆ 'ಶ್', ಎರಡಕ್ಕೂ ಬೇರೆ ಬೇರೆ ರಾಗ. ಈ ಊರಿನ ಆಡುಮಾತಿನಲ್ಲಿ ಶಕಾರವೂ ಸಕಾರವೇ ಅಂತ ಯಾರೂ ಹೇಳಿರಲಿಲ್ಲ. ಕಿತ್ತಳೆ ಗುಡ್ಡೆಯ ಮುಂದೆ ನಿಂತು ಬೆಲೆ ಕೇಳಿದೆ. ಮಾರುವವಳು 'ಸ್' ಅಂದಳು. ನಾಲ್ಕು ಯುವಾನ್! ಅಗ್ಗ ಅಂತ ಎರಡು ಬೆರಳು ತೋರಿಸಿ ಎರಡು ಕೇಜಿ ಕೇಳಿದೆ. ತೂಗಿ ಕೊಟ್ಟದ್ದು ಒಂದೇ ಕೇಜಿ, ಕೇಳಿದ್ದು ಇಪ್ಪತ್ತು ಯುವಾನ್. ನನಗೆ ಮೋಸ ಆಯ್ತು ಅಂತ ಮುಖ ಬಿಗಿಯಾಯಿತು. ಅವಳು ಎರಡೂ ತೋರುಬೆರಳು ಅಡ್ಡಡ್ಡ ಇಟ್ಟು ಗುಣಾಕಾರದ ಗುರುತು ಮಾಡಿ ತೋರಿಸಿದಳು. ನನಗೇನೂ ತಿಳಿಯಲಿಲ್ಲ, ಸುಮ್ನೆ ಕೊಟ್ಟು ಬಂದೆ.

ಸಂಜೆ ಆಯಿ ಅಡುಗೆಮನೆಯಲ್ಲಿ ಕೂರಿಸಿಕೊಂಡು ಪಾಠ ಮಾಡಿದರು, ಫೋನಿನ ಅನುವಾದದ ಆ್ಯಪ್ ನಡುವೆ ಇಟ್ಟುಕೊಂಡು. ಇಲ್ಲಿ ತೂಗುವುದು ಕೇಜಿಯಲ್ಲಲ್ಲ, 'ಜಿನ್' ಲೆಕ್ಕದಲ್ಲಿ. ಒಂದು ಜಿನ್ ಅಂದರೆ 500 ಗ್ರಾಂ. ಅಡ್ಡಡ್ಡ ಬೆರಳು ಅಂದರೆ ಹತ್ತು. ಆರರಿಂದ ಒಂಬತ್ತರವರೆಗೆ ಎಲ್ಲವನ್ನೂ ಒಂದೇ ಕೈಯಲ್ಲಿ ಮುಗಿಸುತ್ತಾರೆ. ಹೆಬ್ಬೆರಳು ಕಿರುಬೆರಳು ಚಾಚಿದರೆ ಆರು. ಮಕ್ಕಳು ಪಿಸ್ತೂಲ್ ಮಾಡುತ್ತಾರಲ್ಲ ಹಾಗೆ ಹೆಬ್ಬೆರಳು ತೋರುಬೆರಳು ಚಾಚಿದರೆ ಎಂಟು. ತೋರುಬೆರಳು ಕೊಕ್ಕೆಯ ಹಾಗೆ ಬಗ್ಗಿಸಿದರೆ ಒಂಬತ್ತು. ಮೋಸ ಏನೂ ಆಗಿರಲಿಲ್ಲ. ಪಾಪ, ಆ ಹೆಂಗಸಿನ ಮುಂದೆ ಮುಖ ಊದಿಸಿಕೊಂಡು ಬಂದಿದ್ದೆನಲ್ಲ ಅಂತ ನಾಚಿಕೆ ಆಯ್ತು.

ದುಡ್ಡು ಕೊಡುವುದೂ ಹೆಬ್ಬೆಟ್ಟಿನಲ್ಲೇ. ಜೇಬಲ್ಲಿ ನೋಟು ತುಂಬಿಕೊಂಡು ಬಂದಿದ್ದೆ, ಆದರೆ ನೂರು ಯುವಾನ್ ಕೊಟ್ಟರೆ ಚಿಲ್ಲರೆಗೆ ಅಕ್ಕಪಕ್ಕದ ಅಂಗಡಿಗೆ ಓಡುತ್ತಾರೆ. ಸೊಪ್ಪು ಮಾರುವ ಮುದುಕರೂ ಕ್ಯೂಆರ್ ಕೋಡ್ ನೇತುಹಾಕಿಕೊಂಡೇ ಕೂತಿರುತ್ತಾರೆ. ದುಡ್ಡು ಕಳಿಸುವ ಅಲಿಪೇ ಆ್ಯಪ್ ತೆರೆದು, ಸ್ಕ್ಯಾನ್ ಮಾಡಿ, ಹೆಬ್ಬೆರಳು ಒತ್ತಿದರೆ ಮುಗೀತು, ಇಷ್ಟು ಬಂತು ಅಂತ ಅವರ ಡಬ್ಬ ಕೂಗಿ ಹೇಳುತ್ತೆ. ಅಕ್ಷರ ಬಾರದವನಿಗೆ ಹೇಳಿ ಮಾಡಿಸಿದ ಏರ್ಪಾಡು.

ಊಟದ ಬಗ್ಗೆ ಜಾಸ್ತಿ ಬರೆಯಲ್ಲ. ಖಾರಕ್ಕೆ ನಾನು ಹೆದರಿರಲಿಲ್ಲ. ಸಿಚುವಾನ್ ಮೆಣಸು ಖಾರವೇ ಅಲ್ಲ, ತುಟಿ ನಾಲಿಗೆ ಜುಮ್ ಅಂತ ಮರಗಟ್ಟಿಸುತ್ತೆ. ಕೊಂಕಣಿಯವರ ತೆಪ್ಪಳದ ದಾಯಾದಿ ಅದು. ಸಸ್ಯಾಹಾರಿಗಳು 'ವೋ ಚ್ ಸು', ಅಂದರೆ ನಾನು ಸಸ್ಯಾಹಾರಿ, ಅನ್ನುವುದನ್ನು ಕಲಿತು ಬನ್ನಿ, ತೋಫು ಪಲ್ಯದಲ್ಲೂ ಕೊಚ್ಚಿದ ಮಾಂಸ ಇರುತ್ತೆ.

ಭಾನುವಾರ ಪೀಪಲ್ಸ್ ಪಾರ್ಕಿಗೆ ಹೋದೆ. ಬಿದಿರಿನ ಕುರ್ಚಿ, ಮುಚ್ಚಳದ ಬಟ್ಟಲಲ್ಲಿ ಚಹಾ. ಒಂದು ಬಟ್ಟಲು ಕೊಂಡರೆ ಗಂಟೆಗಟ್ಟಲೆ ಕೂರಬಹುದು, ಬಿಸಿನೀರು ಹುಯ್ಯುತ್ತಲೇ ಇರುತ್ತಾರೆ. ಕಿವಿಗುಗ್ಗೆ ತೆಗೆಯುವವರು ಕಬ್ಬಿಣದ ಚಿಮಟ ಟಿಂಯ್ ಅನ್ನಿಸುತ್ತಾ ಸುತ್ತುತ್ತಾರೆ. ನಾನು ಬೇಡ ಅಂತ ಕೈ ಮುಗಿದೆ. ಇನ್ನೊಂದು ಮೂಲೆಯಲ್ಲಿ ಸಾಲು ಸಾಲು ಕಾಗದ ಅಂಟಿಸಿದ್ದರು, ವಯಸ್ಸಾದವರು ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ಓದುತ್ತಿದ್ದರು. ಅಕ್ಷರ ಬಾರದಿದ್ದರೂ ನನಗೆ ಅಂಕಿ ಬರುತ್ತಲ್ಲ. 1993, 168. ಇನ್ನೊಂದರಲ್ಲಿ 1989, 175. ಇದು ಹುಟ್ಟಿದ ವರ್ಷ, ಇದು ಎತ್ತರ ಅಂತ ಹೊಳೆಯುವುದಕ್ಕೆ ಎರಡು ನಿಮಿಷ ಸಾಕಾಯಿತು. ಅಪ್ಪ ಅಮ್ಮಂದಿರು ಮಕ್ಕಳಿಗೆ ಸಂಬಂಧ ಹುಡುಕುತ್ತಿದ್ದಾರೆ! ವಾರದಲ್ಲಿ ಮೊದಲ ಬಾರಿಗೆ ಏನನ್ನೋ ಓದಿ ಪೂರ್ತಿ ಅರ್ಥ ಮಾಡಿಕೊಂಡಿದ್ದೆ. ಒಬ್ಬರು ನನ್ನನ್ನು ಮೇಲಿಂದ ಕೆಳಗೆ ಅಳೆದು ನೋಡಿ, ತಲೆ ಅಲ್ಲಾಡಿಸಿ ಮುಂದೆ ಹೋದರು.

ಆ ರಾತ್ರಿ ಊರಿಗೆ ವಿಡಿಯೋ ಕಾಲ್ ಮಾಡಿದೆ. ಇಲ್ಲಿನ ಸಿಮ್‌ನಲ್ಲಿ ವಾಟ್ಸಾಪ್ ಬರುವುದಿಲ್ಲ, ಇವರ ವಾಟ್ಸಾಪ್‌ನಂಥ ವಿಚಾಟ್ ನಮ್ಮಲ್ಲಿ 2020ರಿಂದ ನಿಷೇಧ. ಕೊನೆಗೆ ನಮ್ಮ ಸಿಮ್‌ನ ರೋಮಿಂಗ್ ಹಾಕಿದ ಮೇಲೆ ಸಿಕ್ಕಿತು. ಮೊದಲು ಫೋನ್ ಕಸಿದುಕೊಂಡದ್ದು ಆಯಿ, ನನ್ನ ನಿಜವಾದ ಆಯಿ. ಎಷ್ಟು ತಿಂಗಳಿಗೆ ಬರ್ತಿ ಅಂತ ಕೇಳಿದಳು. ಧ್ವನಿ ಕಡಿದು ಕಡಿದು ಬರುತ್ತಿತ್ತು, ಅದಕ್ಕೆ ಕೈಯೆತ್ತಿ ಹೆಬ್ಬೆರಳು ಕಿರುಬೆರಳು ಚಾಚಿ ತೋರಿಸಿದೆ. ಆರು ಅಂತ.

"ಫೋನ್ ಹಚ್ಚು ಅಂತೀಯೇನು?" ಅಂದಳು ಆಯಿ. "ಫೋನಿನ್ಯಾಗೇ ಅದೀನಲ್ಲೋ ತಮ್ಮಾ!"